ಅಡ್ಡಾದಿಡ್ಡಿ ಗಾಡಿ ಓಡಿಸುವವರ ಬಗ್ಗೆ ಪೊಲೀಸರಿಗೆ ದೂರು ಕೊಡುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೊರತಂದ ವರದಿಯ ಪ್ರಕಾರ, ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ರಸ್ತೆ ಅಪಘಾತಗಳಲ್ಲಿ ಸಾಯುತ್ತಾರೆ. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ ನಡೆದು ಹೋಗುವವರು, ಸೈಕಲ್ ತುಳಿಯುವವರು, ಬೈಕ್ ಸವಾರರು. 5ರಿಂದ 29 ವರ್ಷದೊಳಗಿನವರು ಸಾಯುವ ಕಾರಣಗಳಲ್ಲಿ ಮೊದಲನೆಯದು ಇದೇ. ಎಲ್ಲ ರಸ್ತೆಯಲ್ಲೂ ಎಲ್ಲ ಹೊತ್ತಿನಲ್ಲೂ ಪೊಲೀಸರು ನಿಂತಿರಲು ಆಗುವುದಿಲ್ಲ. ನೋಡಿದವರು ಹೇಳಬೇಕು. ಆದರೆ ಏನು ಹೇಳಬೇಕು, ಯಾರಿಗೆ, ಯಾವಾಗ ಎಂಬುದು ತುಂಬಾ ಜನರಿಗೆ ಗೊತ್ತಿರುವುದಿಲ್ಲ. ಅದಕ್ಕೇ ಈ ಪ್ರಶ್ನೋತ್ತರ. ಕಾನೂನು ದೇಶದಿಂದ ದೇಶಕ್ಕೆ ಬೇರೆ. ದೂರು ಕೊಡುವ ರೀತಿ ಮಾತ್ರ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ.

ಯಾವುದನ್ನು ಅಪಾಯಕಾರಿ ಚಾಲನೆ ಎನ್ನಬಹುದು? ಸಣ್ಣಪುಟ್ಟದ್ದಕ್ಕೂ ದೂರು ಕೊಡಬಹುದಾ?

ಇಂಡಿಕೇಟರ್ ಹಾಕದೆ ತಿರುಗಿದವರ ಮೇಲೆಲ್ಲ ದೂರು ಕೊಡುತ್ತಾ ಹೋದರೆ ಕೊನೆಯೇ ಇರುವುದಿಲ್ಲ. ಬ್ರಿಟನ್ನಿನ ಕಾನೂನು ಇದಕ್ಕೆ ಒಂದು ಒಳ್ಳೆಯ ಅಳತೆ ಕೊಡುತ್ತದೆ. ಜಾಗ್ರತೆಯಿಂದ ಓಡಿಸುವ ಸಮರ್ಥ ಚಾಲಕನ ಮಟ್ಟಕ್ಕಿಂತ ಕೆಳಗೆ ಇದ್ದರೆ ಅದು ಅಜಾಗರೂಕ ಚಾಲನೆ. ತುಂಬಾ ಕೆಳಗೆ ಇದ್ದು, ನೋಡಿದ ಯಾರಿಗಾದರೂ ಅಪಾಯ ಅಂತ ಕಾಣುವಂತಿದ್ದರೆ ಅದು ಅಪಾಯಕಾರಿ ಚಾಲನೆ.

ಭಾರತದ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್‌ಗೆ 2019ರ ತಿದ್ದುಪಡಿಯಲ್ಲಿ ಒಂದು ವಿವರಣೆ ಸೇರಿತು. ಕೆಂಪು ದೀಪ ಇದ್ದಾಗ ನುಗ್ಗುವುದು, ಸ್ಟಾಪ್ ಫಲಕ ಲೆಕ್ಕಿಸದಿರುವುದು, ಓಡಿಸುತ್ತಾ ಕೈಯಲ್ಲಿ ಫೋನ್ ಹಿಡಿಯುವುದು, ಕಾನೂನು ಮೀರಿ ಓವರ್‌ಟೇಕ್ ಮಾಡುವುದು, ರಾಂಗ್ ಸೈಡಿನಲ್ಲಿ ಬರುವುದು ಇವೆಲ್ಲ ಅದರಲ್ಲಿವೆ. ಇದರ ಜೊತೆಗೆ ಭಾರತೀಯ ನ್ಯಾಯ ಸಂಹಿತೆಯ 281ನೇ ಸೆಕ್ಷನ್ ಇದೆ. ಜನರ ಪ್ರಾಣಕ್ಕೆ ಅಪಾಯ ತರುವಂತೆ ಸಾರ್ವಜನಿಕ ರಸ್ತೆಯಲ್ಲಿ ಓಡಿಸಿದರೆ 6 ತಿಂಗಳವರೆಗೆ ಜೈಲಾಗಬಹುದು.

ನನ್ನ ಅಳತೆ ಇನ್ನೂ ಸರಳ. ಎದುರಿನವರು ಬ್ರೇಕ್ ಹಾಕದಿದ್ದರೆ, ಪಕ್ಕಕ್ಕೆ ಸರಿಯದಿದ್ದರೆ, ಹಿಂದಕ್ಕೆ ಜಿಗಿಯದಿದ್ದರೆ ಗುದ್ದುತ್ತಿತ್ತಾ? ಹೌದು ಎಂದಾದರೆ ದೂರು ಕೊಡಿ. ಬೇರೆಯವರ ಎಚ್ಚರದಿಂದ ತಪ್ಪಿದ ಅಪಘಾತವನ್ನು 'ಏನೂ ಆಗಲಿಲ್ಲವಲ್ಲ' ಎಂದು ಬಿಡಬಾರದು.

ತಕ್ಷಣ ಫೋನ್ ಮಾಡಬೇಕಾ, ಆಮೇಲೆ ದೂರು ಕೊಟ್ಟರೆ ಸಾಕಾ?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಇಲ್ಲಿ ಎರಡು ದಾರಿಗಳಿವೆ. ಎರಡರ ಕೆಲಸವೂ ಬೇರೆ.

ಅಪಾಯ ಇನ್ನೂ ರಸ್ತೆಯ ಮೇಲೇ ಇದೆ ಎಂದಾದರೆ ತುರ್ತು ಕರೆ ಮಾಡಿ. ಲೇನ್ ಬಿಟ್ಟು ಲೇನಿಗೆ ತೂರಾಡುತ್ತಾ ಹೋಗುತ್ತಿರುವ ಕಾರು, ಹೆದ್ದಾರಿಯಲ್ಲಿ ಎದುರಿನಿಂದ ಬರುತ್ತಿರುವ ಲಾರಿ, ರಸ್ತೆಯಲ್ಲಿ ರೇಸ್ ಹಚ್ಚಿಕೊಂಡ ಬೈಕುಗಳು, ಬೇಕಂತಲೇ ಇನ್ನೊಬ್ಬರ ಮೇಲೆ ಗಾಡಿ ಹಾಯಿಸಲು ಹೋಗುತ್ತಿರುವವರು. ಇಂಥದ್ದನ್ನು ಮನೆಗೆ ಹೋಗಿ ಫಾರಂ ತುಂಬಿ ಹೇಳುತ್ತೇನೆ ಎಂದರೆ ಹೊತ್ತು ಮೀರಿರುತ್ತದೆ. ಭಾರತದಲ್ಲಿ ಮತ್ತು ಯೂರೋಪಿನ ದೇಶಗಳಲ್ಲಿ 112, ಅಮೆರಿಕ ಮತ್ತು ಕೆನಡಾದಲ್ಲಿ 911, ಬ್ರಿಟನ್ನಿನಲ್ಲಿ 999, ಆಸ್ಟ್ರೇಲಿಯಾದಲ್ಲಿ 000, ನ್ಯೂಜಿಲೆಂಡಿನಲ್ಲಿ 111. ಬೇರೆ ದೇಶಕ್ಕೆ ಹೋದಾಗ ವೀಸಾ, ಟಿಕೆಟ್ ನೋಡಿಕೊಳ್ಳುವ ಹಾಗೆ ಈ ಸಂಖ್ಯೆಯನ್ನೂ ನೋಡಿಕೊಂಡು ಹೋಗಿ.

'ಸುಮ್ನೆ ತುರ್ತು ಲೈನ್ ಯಾಕೆ ಹಿಡಿದಿಡಬೇಕು' ಎಂದು ಹಿಂಜರಿಯುವವರು ತುಂಬಾ ಜನ. ಕುಡಿದು ಓಡಿಸುತ್ತಿರುವವನ ಕಾರು ಮುಂದಿನ ಸರ್ಕಲ್ ತಲುಪುವ ಮೊದಲು ತಡೆಯುವುದಕ್ಕೇ ಆ ಲೈನ್ ಇರುವುದು. ಹಿಂಜರಿಯಬೇಡಿ.

ಆಗಿ ಮುಗಿದ ವಿಷಯ ಬೇರೆ. ನಿನ್ನೆ ಸಂಜೆ ಸಿಗ್ನಲ್ ಹಾರಿದ ಕಾರು, ಬೆಳಗ್ಗೆ ಸೈಕಲ್ಲಿಗೆ ತಾಗುವಷ್ಟು ಹತ್ತಿರ ಹೋದ ಬಸ್ಸು, ಇವಕ್ಕೆಲ್ಲ ಪೊಲೀಸರ ವೆಬ್‌ಸೈಟ್, ಆ್ಯಪ್, ಸಂಚಾರ ಠಾಣೆ ಅಥವಾ ತುರ್ತಲ್ಲದ ಸಂಖ್ಯೆ ಇರುತ್ತದೆ. ಬ್ರಿಟನ್ನಿನಲ್ಲಿ ಆ ಸಂಖ್ಯೆ 101. ಗೊಂದಲ ಇದ್ದರೆ ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಇನ್ನು ಹತ್ತು ನಿಮಿಷದಲ್ಲಿ ಈ ಗಾಡಿಯಿಂದ ಯಾರಿಗಾದರೂ ಪೆಟ್ಟಾಗಬಹುದಾ? ಆಗಬಹುದು ಅನ್ನಿಸಿದರೆ ತುರ್ತು ಸಂಖ್ಯೆಗೇ ಮಾಡಿ.

ನಾನೇ ಗಾಡಿ ಓಡಿಸುತ್ತಿದ್ದರೆ ಫೋನ್ ಮಾಡುವುದು ಹೇಗೆ?

ಪಕ್ಕದಲ್ಲಿ ಯಾರಾದರೂ ಇದ್ದರೆ ಫೋನ್ ಅವರ ಕೈಗೆ ಕೊಡಿ. ಒಬ್ಬರೇ ಇದ್ದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಮಾಡಿ. 60 ಕಿಲೋಮೀಟರ್ ವೇಗದಲ್ಲಿ ಹೋಗುವಾಗ 5 ಸೆಕೆಂಡ್ ಫೋನ್ ನೋಡಿದರೆ, 80 ಮೀಟರಿಗಿಂತ ಜಾಸ್ತಿ ದೂರ ರಸ್ತೆ ನೋಡದೆಯೇ ಹೋಗಿರುತ್ತೀರಿ. ನಿಲ್ಲಿಸಲು ಜಾಗವೇ ಇಲ್ಲದಂಥ ನಿಜವಾದ ತುರ್ತಿನಲ್ಲಿ 999ಕ್ಕೋ 112ಕ್ಕೋ ಕರೆ ಮಾಡಲು ಬ್ರಿಟನ್ನಿನ ಕಾನೂನು ವಿನಾಯಿತಿ ಕೊಡುತ್ತದೆ. ಎಲ್ಲ ದೇಶದಲ್ಲೂ ಹಾಗೆ ಇದೆ ಎಂದುಕೊಳ್ಳಬೇಡಿ. ಓಡಿಸುತ್ತಾ ಫೋನಿನಲ್ಲಿ ವಿಡಿಯೊ ಮಾಡುವುದಂತೂ ಬೇಡವೇ ಬೇಡ. ಅಂಥ ವಿಡಿಯೊ ಕಳಿಸಿದರೆ ಅದು ನಿಮ್ಮ ಮೇಲೇ ಸಾಕ್ಷಿ.

ಕರೆ ತಗೊಂಡವರಿಗೆ ಏನು ಹೇಳಬೇಕು? ಗಾಬರಿಯಲ್ಲಿ ಮಾತೇ ಬರುವುದಿಲ್ಲ.

ಮೊದಲು ಜಾಗ ಹೇಳಿ. ಕರೆ ಮಧ್ಯದಲ್ಲಿ ಕಟ್ಟಾದರೂ ಪೊಲೀಸರಿಗೆ ಎಲ್ಲಿಗೆ ಹೋಗಬೇಕು ಎಂದಾದರೂ ಗೊತ್ತಿರುತ್ತದೆ. ಆಮೇಲೆ ಗಾಡಿ ಯಾವ ದಿಕ್ಕಿಗೆ ಹೋಗುತ್ತಿದೆ ಎಂಬುದು. ಜನ ಮರೆಯುವುದು ಇದನ್ನೇ. ಹೆದ್ದಾರಿಯ ಹೆಸರು ಹೇಳಿ, ಯಾವ ಊರಿನ ಕಡೆಗೆ ಎಂದು ಹೇಳದಿದ್ದರೆ ಮುಂದೆ ಯಾವ ಬದಿಯಲ್ಲಿ ಕಾಯಬೇಕು ಎಂದು ಅವರಿಗೆ ತಿಳಿಯುವುದಿಲ್ಲ. ರಸ್ತೆಬದಿಯ ಕಿಲೋಮೀಟರ್ ಕಲ್ಲು, ಈಗಷ್ಟೇ ದಾಟಿದ ಟೋಲ್, ಸೇತುವೆ, ಪೆಟ್ರೋಲ್ ಬಂಕ್ ಏನಾದರೊಂದು ಗುರುತು ಕೊಡಿ.

ಮೂರನೆಯದು ಗಾಡಿಯ ಗುರುತು: ನಂಬರ್, ಬಣ್ಣ, ಕಾರೋ ಲಾರಿಯೋ, ಮಾಡೆಲ್ ಗೊತ್ತಿದ್ದರೆ ಅದೂ. ಕೊನೆಗೆ ಅದು ಏನು ಮಾಡುತ್ತಿದೆ ಎಂಬುದು. ಹೀಗೆ ಹೇಳಿ ನೋಡಿ: 'ನಾನು ವರ್ತುಲ ರಸ್ತೆಯಲ್ಲಿದ್ದೇನೆ, ಟೋಲ್ ದಾಟಿ ಒಂದು ಕಿಲೋಮೀಟರ್ ಆಗಿದೆ, ವಿಮಾನ ನಿಲ್ದಾಣದ ಕಡೆ ಮುಖ. ನನ್ನ ಮುಂದೆ ಬಿಳಿ ಕಾರು, ನಂಬರಿನ ಕೊನೆಯ ನಾಲ್ಕು ಅಂಕಿ ಇವು. ಎರಡು ಸಲ ಡಿವೈಡರ್‌ಗೆ ಉಜ್ಜಿದೆ, ಒಂದು ಬೈಕಿನವರು ಪಕ್ಕಕ್ಕೆ ಎಗರಿ ತಪ್ಪಿಸಿಕೊಂಡರು.'

ಇಷ್ಟು ಸಾಕು. ಇದರಲ್ಲಿ ಸಿಟ್ಟಿಲ್ಲ, ಬೈಗುಳ ಇಲ್ಲ, 'ಕುಡುಕ' ಎಂಬ ತೀರ್ಮಾನವೂ ಇಲ್ಲ. 'ರ‍್ಯಾಶ್ ಆಗಿ ಓಡಿಸ್ತಿದ್ದಾನೆ' ಎಂದರೆ ಕೇಳಿದವರ ಕಣ್ಣಿಗೆ ಏನೂ ಕಟ್ಟುವುದಿಲ್ಲ. 'ಮೂರು ಸಲ ಎದುರು ಬದಿಗೆ ಹೋಗಿ ಬಂತು' ಎಂದರೆ ಗಸ್ತು ಗಾಡಿಗೆ ಏನು ಹುಡುಕಬೇಕು ಎಂದು ಗೊತ್ತಾಗುತ್ತದೆ. ಕಂಡದ್ದನ್ನು ಹೇಳಿ, ಊಹಿಸಿದ್ದನ್ನು ಬಿಡಿ. ಇಡೀ ಪ್ರಶ್ನೋತ್ತರದಲ್ಲಿ ಇದೊಂದನ್ನು ನೆನಪಿಟ್ಟುಕೊಂಡರೂ ನಿಮ್ಮ ದೂರಿನ ತೂಕ ಎಷ್ಟೋ ಹೆಚ್ಚುತ್ತದೆ.

ನಂಬರ್ ಪೂರ್ತಿ ಸಿಗಲಿಲ್ಲ. ದೂರು ಕೊಟ್ಟು ಪ್ರಯೋಜನ ಇದೆಯಾ?

ತುರ್ತು ಕರೆಗೆ ಖಂಡಿತ ಇದೆ. ಅರ್ಧ ನಂಬರು, ಬಣ್ಣ, ದಿಕ್ಕು ಇದ್ದರೂ ಮುಂದಿನ ಗಸ್ತು ಗಾಡಿ ಹುಡುಕಬಲ್ಲದು. ಗಾಡಿಯ ಮೇಲಿನ ಸ್ಟಿಕ್ಕರ್, ಒಡೆದ ಹಿಂದಿನ ದೀಪ, ತಗ್ಗಿಹೋದ ಬಾಗಿಲು, ಮೇಲಿನ ಕ್ಯಾರಿಯರ್ ಎಲ್ಲವೂ ಗುರುತೇ. ಆಮೇಲೆ ಕೊಡುವ ದೂರಿಗೆ ಮಾತ್ರ ನಂಬರ್ ಇಲ್ಲದೆ ಕಷ್ಟ. ಸಿಕ್ಕಷ್ಟನ್ನು ಬರೆದು, ಯಾವ ಅಕ್ಷರ ಅನುಮಾನವೋ ಅದನ್ನು ಅನುಮಾನ ಎಂದೇ ಬರೆಯಿರಿ. 8 ಮತ್ತು ಬಿ, 0 ಮತ್ತು ಡಿ, 1 ಮತ್ತು 7 ಸುಲಭವಾಗಿ ಅದಲುಬದಲಾಗುತ್ತವೆ. ಊಹಿಸಿ ತುಂಬಿದ ಒಂದು ಅಂಕಿ ಯಾರದೋ ಮನೆಗೆ ನೋಟಿಸ್ ಕಳಿಸಬಹುದು.

ಕಂಡ ಕೂಡಲೇ ನಂಬರನ್ನು ಗಟ್ಟಿಯಾಗಿ ಹೇಳಿಕೊಳ್ಳುವುದು ಒಳ್ಳೆಯ ರೂಢಿ. ಡ್ಯಾಶ್‌ಕ್ಯಾಮ್ (ಗಾಡಿಯೊಳಗೆ ಕೂರಿಸಿ ಮುಂದಿನ ರಸ್ತೆಯನ್ನು ರೆಕಾರ್ಡ್ ಮಾಡುವ ಪುಟ್ಟ ಕ್ಯಾಮೆರಾ) ಇದ್ದರೆ ನಿಮ್ಮ ದನಿಯೂ ರೆಕಾರ್ಡ್ ಆಗುತ್ತದೆ. ರಾತ್ರಿ ಹೊತ್ತು ಪ್ಲೇಟು ಬೆಳಕಿಗೆ ಹೊಳೆದು ಬರೀ ಬಿಳಿಯಾಗಿ ಕಂಡಾಗ ಆ ದನಿಯೇ ಕೈಹಿಡಿಯುತ್ತದೆ.

ವಿಡಿಯೊ ಇಲ್ಲದೆ ಬರೀ ಬಾಯಿಮಾತಿಗೆ ಬೆಲೆ ಇದೆಯಾ?

ಇದೆ. ಕಣ್ಣಾರೆ ಕಂಡವರ ಹೇಳಿಕೆ ಕೋರ್ಟಿನಲ್ಲಿ ಸಾಕ್ಷಿಯೇ. ಆದರೆ ಒಬ್ಬರ ಮಾತಿಗೆ ಇನ್ನೊಬ್ಬರ ಮಾತು ಎದುರಾದಾಗ ಪೊಲೀಸರು ಮುಂದುವರಿಯಲು ಹಿಂದೆಮುಂದೆ ನೋಡುತ್ತಾರೆ. ಹಾಗಾಗಿ ಜೊತೆಗಿದ್ದವರ, ಪಕ್ಕದಲ್ಲಿ ನಿಂತು ನೋಡಿದವರ ಹೆಸರು ಕೇಳಿಟ್ಟುಕೊಳ್ಳಿ. ಹತ್ತಿರದ ಅಂಗಡಿ, ಬ್ಯಾಂಕು, ಟೋಲಿನಲ್ಲಿ ಸಿಸಿಟಿವಿ ಇದ್ದರೆ ಅದನ್ನು ದೂರಿನಲ್ಲಿ ಬರೆಯಿರಿ. ಅಂಥ ಕ್ಯಾಮೆರಾಗಳು ಕೆಲವು ದಿನಗಳಲ್ಲೇ ಹಳೆಯದರ ಮೇಲೆ ಹೊಸದನ್ನು ಬರೆದುಕೊಂಡು ಬಿಡುತ್ತವೆ. ತಡ ಮಾಡಿದರೆ ಸಿಗುವುದಿಲ್ಲ. ದೃಶ್ಯ ಕೊಡಿ ಎಂದು ಅಂಗಡಿಯವರ ಹತ್ತಿರ ನೀವು ಜಗಳ ಆಡಬೇಕಾಗಿಲ್ಲ. ಕ್ಯಾಮೆರಾ ಎಲ್ಲಿದೆ ಎಂದು ಪೊಲೀಸರಿಗೆ ಹೇಳಿದರೆ ಸಾಕು.

ಮನೆ ತಲುಪಿದ ಮೇಲೆ ನೆನಪಿದ್ದದ್ದನ್ನೆಲ್ಲ ಆವತ್ತೇ ಬರೆದಿಡಿ. ದಿನಾಂಕ, ಹೊತ್ತು, ಮಳೆ ಇತ್ತಾ, ಬೆಳಕಿತ್ತಾ, ನೀವು ಎಷ್ಟು ದೂರದಲ್ಲಿದ್ದಿರಿ, ಯಾರಿಗೆ ಅಪಾಯವಾಯಿತು. ಎರಡು ವಾರ ಕಳೆದ ಮೇಲೆ ಬಿಳಿ ಕಾರು ಬೂದು ಬಣ್ಣದ್ದಾಗಿರುತ್ತದೆ.

ಡ್ಯಾಶ್‌ಕ್ಯಾಮ್ ವಿಡಿಯೊ ಇದೆ. ಹೇಗೆ ಕಾಪಾಡಿಕೊಳ್ಳಬೇಕು, ಹೇಗೆ ಕಳಿಸಬೇಕು?

ಒಳ್ಳೆಯ ದೂರುಗಳು ಜಾಸ್ತಿ ಹಾಳಾಗುವುದು ಈ ಹಂತದಲ್ಲೇ. ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಡ್ಯಾಶ್‌ಕ್ಯಾಮ್ ಒಂದೊಂದು, ಮೂರು ಮೂರು ನಿಮಿಷದ ತುಣುಕುಗಳಾಗಿ ರೆಕಾರ್ಡ್ ಮಾಡುತ್ತಾ ಹೋಗುತ್ತದೆ. ಕಾರ್ಡ್ ತುಂಬಿದರೆ ಹಳೆಯದನ್ನು ಅಳಿಸುತ್ತದೆ. ಘಟನೆ ಆದ ಮೇಲೆ ಗಾಡಿ ನಿಲ್ಲಿಸಿ, ಲಾಕ್ ಬಟನ್ ಒತ್ತಿ ಆ ತುಣುಕನ್ನು ಉಳಿಸಿಕೊಳ್ಳಿ. ಬಟನ್ ಇಲ್ಲದಿದ್ದರೆ ಕಾರ್ಡ್ ತೆಗೆದಿಡಿ.

ಮೂಲ ಫೈಲನ್ನು ಮುಟ್ಟಬೇಡಿ. ಕತ್ತರಿಸಬೇಡಿ, ಬಾಣದ ಗುರುತು ಹಾಕಬೇಡಿ, ಹಾಡು ಸೇರಿಸಬೇಡಿ, ನಿಧಾನಗತಿ ಮಾಡಬೇಡಿ. ಕಳಿಸಲು ಚಿಕ್ಕ ಪ್ರತಿ ಬೇಕಾದರೆ ನಕಲು ಮಾಡಿ ಅದರಲ್ಲಿ ಕತ್ತರಿಸಿ. ಆಗಲೂ ಘಟನೆಯ ಹಿಂದೆ ಮುಂದೆ ಒಂದೆರಡು ನಿಮಿಷ ಬಿಡಿ. ಮೊದಲು ಏನಾಗಿತ್ತು, ನೀವೇ ಕೆಣಕಿದ್ದಿರಾ ಎಂದು ಪೊಲೀಸರು ನೋಡಿಯೇ ನೋಡುತ್ತಾರೆ.

ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿ ವಿಡಿಯೊ ಥರ ಕಳಿಸಿದರೆ ಅದು ಕುಗ್ಗಿ ಮಸುಕಾಗುತ್ತದೆ. ಮೂಲದಲ್ಲಿ ಓದಲು ಬರುತ್ತಿದ್ದ ನಂಬರ್ ಪ್ಲೇಟು ಆ ಕಡೆ ತಲುಪುವಾಗ ಮಸಿಯಾಗಿರುತ್ತದೆ. ಪೊಲೀಸರು ವಾಟ್ಸ್ಆ್ಯಪ್ ಸಂಖ್ಯೆಯನ್ನೇ ಕೊಟ್ಟಿದ್ದರೆ, ಡಾಕ್ಯುಮೆಂಟ್ ಆಗಿ ಲಗತ್ತಿಸಿ ಕಳಿಸಿ. ಆಗ ಮೂಲ ಗುಣಮಟ್ಟದಲ್ಲೇ ಹೋಗುತ್ತದೆ.

ಕ್ಯಾಮೆರಾದ ಗಡಿಯಾರವನ್ನು ಆಗಾಗ ನೋಡಿಕೊಳ್ಳಿ. ವಿಡಿಯೊದಲ್ಲಿರುವ ದಿನಾಂಕ ತಪ್ಪಾಗಿದ್ದರೆ ದೂರಿನಲ್ಲೇ ಅದನ್ನು ಹೇಳಿಬಿಡಿ. ಮುಚ್ಚಿಟ್ಟು ಆಮೇಲೆ ಸಿಕ್ಕಿದರೆ ಇಡೀ ವಿಡಿಯೊ ಮೇಲೆ ಅನುಮಾನ ಬರುತ್ತದೆ. ಪ್ರಕರಣ ಕೋರ್ಟಿಗೆ ಹೋದರೆ ಮೂಲ ಕಾರ್ಡನ್ನೇ ಕೇಳಬಹುದು. ಭಾರತದಲ್ಲಿ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಒಂದು ಪ್ರಮಾಣಪತ್ರವೂ ಬೇಕಾಗುತ್ತದೆ. ಅದರ ನಮೂನೆಯನ್ನು ತನಿಖಾಧಿಕಾರಿಯ ಹತ್ತಿರ ಕೇಳಿ.

ಇನ್ನೊಂದು ಮಾತು. ಡ್ಯಾಶ್‌ಕ್ಯಾಮ್ ಎಲ್ಲ ದೇಶಗಳಲ್ಲೂ ಒಂದೇ ಥರ ಒಪ್ಪಿತವಲ್ಲ. ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯ 2018ರ ಮೇ ತಿಂಗಳಲ್ಲಿ ಒಂದು ತೀರ್ಪು ಕೊಟ್ಟಿತು. ಕಾರಣವಿಲ್ಲದೆ ಸದಾ ರೆಕಾರ್ಡ್ ಮಾಡುವುದು ಮಾಹಿತಿ ರಕ್ಷಣೆಯ ಕಾನೂನಿಗೆ ವಿರುದ್ಧ, ಹಾಗಿದ್ದರೂ ಅಪಘಾತದ ವ್ಯಾಜ್ಯದಲ್ಲಿ ಅಂಥ ವಿಡಿಯೊವನ್ನು ಸಾಕ್ಷಿಯಾಗಿ ನೋಡಬಹುದು ಎಂದು ಅದು ಹೇಳಿತು. ನೀವಿರುವ ಕಡೆಯ ನಿಯಮ ಏನು ಎಂದು ತಿಳಿದುಕೊಂಡೇ ಕ್ಯಾಮೆರಾ ಹಾಕಿಸಿ.

ವಿಡಿಯೊದಿಂದ ಅತಿವೇಗ ಸಾಬೀತು ಮಾಡಬಹುದಾ?

ಕಷ್ಟ. ಜಿಪಿಎಸ್ ಇರುವ ಡ್ಯಾಶ್‌ಕ್ಯಾಮ್ ತೋರಿಸುವುದು ನಿಮ್ಮ ಗಾಡಿಯ ವೇಗ, ಅವರದ್ದಲ್ಲ. ಎರಡು ಕಂಬಗಳ ನಡುವಿನ ದೂರ, ದಾಟಲು ಹಿಡಿದ ಹೊತ್ತು ಲೆಕ್ಕ ಹಾಕಿ ತಜ್ಞರು ವೇಗ ಹೇಳಬಲ್ಲರು, ಆದರೆ ಮಾಮೂಲಿ ದೂರಿಗೆ ಅಷ್ಟು ಕೆಲಸ ಯಾರೂ ಮಾಡುವುದಿಲ್ಲ. '120ರಲ್ಲಿ ಹೋದ' ಎಂದು ಬರೆಯಬೇಡಿ. 'ನಾನು 60ರಲ್ಲಿದ್ದೆ, ನನ್ನನ್ನು ಎಡಗಡೆಯಿಂದ ದಾಟಿ ಎರಡು ಗಾಡಿಗಳ ಸಂದಿಯಲ್ಲಿ ನುಗ್ಗಿದ' ಎಂದು ಬರೆಯಿರಿ. ಸಿಗ್ನಲ್ ಹಾರಿದ್ದು, ರಾಂಗ್ ಸೈಡ್, ಗೆರೆ ದಾಟಿ ಓವರ್‌ಟೇಕ್, ಕೈಯಲ್ಲಿ ಫೋನ್ ಇವೆಲ್ಲ ವಿಡಿಯೊದಲ್ಲಿ ಕಣ್ಣಿಗೆ ಕಾಣುತ್ತವೆ. ಒತ್ತು ಅಲ್ಲಿಗೆ ಕೊಡಿ.

ಗಾಡಿಯನ್ನು ಹಿಂಬಾಲಿಸಿ ನಂಬರ್ ತಗೊಳ್ಳಬಹುದಾ? ನಿಲ್ಲಿಸಿ ಬುದ್ಧಿ ಹೇಳಿದರೆ?

ಬೇಡ. ಹಿಂಬಾಲಿಸಿದರೆ ರಸ್ತೆಯಲ್ಲಿ ಒಂದು ಅಪಾಯದ ಬದಲು ಎರಡಾಗುತ್ತವೆ. ಹಿಂದೆ ಯಾರೋ ಬರುತ್ತಿದ್ದಾರೆ ಎಂದು ಗೊತ್ತಾದರೆ ಅವನು ಇನ್ನೂ ಜೋರಾಗಿ ಓಡಿಸುತ್ತಾನೆ. ನಿಲ್ಲಿಸಿ ಮಾತಾಡಲು ಹೋದ ಜಗಳಗಳು ಹೊಡೆದಾಟದಲ್ಲಿ, ಕೆಲವೊಮ್ಮೆ ಸಾವಿನಲ್ಲಿ ಮುಗಿದಿವೆ. ಹಾರ್ನ್ ಹೊಡೆದು, ಹೈಬೀಮ್ ಹಾಕಿ ಕೆಣಕಬೇಡಿ. ದೂರ ಬಿಡಿ, ಅವನನ್ನು ಮುಂದೆ ಹೋಗಲು ಬಿಡಿ, ಕರೆ ಮಾಡಿ.

ಅವನೇ ನಿಮ್ಮ ಬೆನ್ನು ಹತ್ತಿದರೆ ಮನೆಗೆ ಹೋಗಬೇಡಿ. ಮನೆ ಎಲ್ಲಿ ಎಂದು ತೋರಿಸಿದ ಹಾಗಾಗುತ್ತದೆ. ಜನ ಇರುವ, ಬೆಳಕಿರುವ ಕಡೆ, ಹತ್ತಿರದಲ್ಲಿದ್ದರೆ ಪೊಲೀಸ್ ಠಾಣೆಯ ಮುಂದೆಯೇ ನಿಲ್ಲಿಸಿ. ಬಾಗಿಲು ಲಾಕ್ ಮಾಡಿ, ಗಾಜು ಏರಿಸಿ, ತುರ್ತು ಸಂಖ್ಯೆಗೆ ಕರೆ ಮಾಡಿ.

ಮೊದಲು ಸೋಶಿಯಲ್ ಮೀಡಿಯಾದಲ್ಲಿ ಹಾಕಿದರೆ ಬೇಗ ಕೆಲಸ ಆಗುತ್ತದೆ ಅಂತಾರೆ. ನಿಜವಾ?

ಇದರಲ್ಲಿ ಸ್ವಲ್ಪ ಸತ್ಯ ಇದೆ. 2010ರಲ್ಲೇ ದೆಹಲಿ ಸಂಚಾರ ಪೊಲೀಸರು ಫೇಸ್‌ಬುಕ್ ಪುಟ ತೆರೆದಾಗ ಜನ ನಿಯಮ ಮುರಿದವರ ಫೋಟೊ ಹಾಕತೊಡಗಿದರು. ನಂಬರ್ ನೋಡಿ ಪೊಲೀಸರು ದಂಡವನ್ನೂ ಹಾಕಿದರು. ಇವತ್ತು ಎಷ್ಟೋ ನಗರಗಳ ಸಂಚಾರ ಪೊಲೀಸರು ತಮ್ಮ ಅಧಿಕೃತ ಖಾತೆಗಳಲ್ಲಿ ಇಂಥ ದೂರುಗಳಿಗೆ ಉತ್ತರ ಕೊಡುತ್ತಾರೆ.

ಆದರೂ ಮೊದಲು ಅಧಿಕೃತ ದಾರಿಯಲ್ಲೇ ದೂರು ಕೊಡಿ ಎನ್ನುವುದು ನನ್ನ ಸಲಹೆ. ಪೋಸ್ಟ್‌ಗೆ ದೂರಿನ ಸಂಖ್ಯೆ ಇರುವುದಿಲ್ಲ. ಆಮೇಲೆ ವಿಚಾರಿಸಲು ಹಿಡಿತವೇ ಸಿಗುವುದಿಲ್ಲ. ಸಾರ್ವಜನಿಕವಾಗಿ ಹಾಕಿದ ವಿಡಿಯೊ ವಿಚಾರಣೆಗೆ ತೊಡಕಾಗಬಹುದು. ಬ್ರಿಟನ್ನಿನಲ್ಲಿ ಪ್ರಕರಣ ಮುಗಿಯುವವರೆಗೆ ಎಲ್ಲೂ ಹಾಕಬೇಡಿ ಎಂದು ಪೊಲೀಸರೇ ಕೇಳಿಕೊಳ್ಳುತ್ತಾರೆ. ಇನ್ನು, ನಂಬರ್ ಸಮೇತ ಹಾಕಿದ ವಿಡಿಯೊ ನೋಡಿ ಜನ ಗಾಡಿಯ ಮಾಲೀಕರನ್ನು ಹುಡುಕಿ ಬೈಯಲು ಶುರು ಮಾಡುತ್ತಾರೆ. ಓಡಿಸಿದ್ದು ಮಾಲೀಕರೇ ಅಲ್ಲದಿದ್ದರೆ? ಗಾಡಿ ಕದ್ದದ್ದಾಗಿದ್ದರೆ? ಪ್ಲೇಟೇ ನಕಲಿಯಾಗಿದ್ದರೆ? ತಪ್ಪಿಲ್ಲದವರ ಮನೆ ನೆಮ್ಮದಿ ಹಾಳಾದ ಮೇಲೆ ಅದನ್ನು ವಾಪಸ್ ಕೊಡಲು ಯಾರಿಂದಲೂ ಆಗುವುದಿಲ್ಲ.

ಎಷ್ಟು ದಿನದ ಒಳಗೆ ದೂರು ಕೊಡಬೇಕು?

ಅದೇ ದಿನ, ತಪ್ಪಿದರೆ ಮರುದಿನ. ಇದಕ್ಕೆ ಕಾನೂನಿನ ಕಾರಣವೂ ಇದೆ. ಬ್ರಿಟನ್ನಿನಲ್ಲಿ ಅಪಘಾತವಾಗದ ಇಂಥ ಪ್ರಕರಣಗಳಲ್ಲಿ ಸಾಮಾನ್ಯವಾಗಿ 14 ದಿನಗಳ ಒಳಗೆ ಗಾಡಿಯ ನೋಂದಾಯಿತ ಮಾಲೀಕರಿಗೆ ನೋಟಿಸ್ ತಲುಪಬೇಕು. ನೀವು 12ನೇ ದಿನ ವಿಡಿಯೊ ಕಳಿಸಿದರೆ ಪೊಲೀಸರಿಗೆ ಅದನ್ನು ನೋಡಿ, ಮಾಲೀಕರನ್ನು ಹುಡುಕಿ, ನೋಟಿಸ್ ಕಳಿಸಲು ಹೊತ್ತೇ ಇರುವುದಿಲ್ಲ. ಅಲ್ಲಿ 'ಆಪರೇಷನ್ ಸ್ನ್ಯಾಪ್' ಎಂಬ ವ್ಯವಸ್ಥೆ ಇದೆ. ಉತ್ತರ ವೇಲ್ಸ್ ಪೊಲೀಸರು 2016ರಲ್ಲಿ ಶುರು ಮಾಡಿದ್ದು, ಆಮೇಲೆ ಬೇರೆ ಕಡೆಗೂ ಹಬ್ಬಿತು. ಜನ ಕಳಿಸಿದ ವಿಡಿಯೊವನ್ನು ಆನ್‌ಲೈನಿನಲ್ಲೇ ತಗೊಂಡು, ಹೇಳಿಕೆಯನ್ನೂ ಅದೇ ಫಾರಂನಲ್ಲಿ ಪಡೆಯುತ್ತಾರೆ. ಇಂಥ ವ್ಯವಸ್ಥೆ ಎಲ್ಲ ಕಡೆ ಬರಬೇಕು. ದೂರು ಕೊಡುವವರು ಠಾಣೆಯ ಬೆಂಚಿನ ಮೇಲೆ ಅರ್ಧ ದಿನ ಕಾಯಬೇಕು ಎಂದರೆ ಯಾರು ಮುಂದೆ ಬರುತ್ತಾರೆ?

ನನ್ನ ಹೆಸರು ಅವರಿಗೆ ಗೊತ್ತಾಗುತ್ತಾ? ಕೋರ್ಟಿಗೆ ಅಲೆಯಬೇಕಾ?

ಈ ಭಯಕ್ಕೆ ಅರ್ಥ ಇದೆ. ಅದನ್ನು ಸುಮ್ನೆ ತಳ್ಳಿಹಾಕಲಾರೆ.

ತುರ್ತು ಕರೆ ಮಾಡಿದವರ ಹೆಸರನ್ನು ಗಾಡಿ ಓಡಿಸಿದವನಿಗೆ ಹೇಳುವ ಅಗತ್ಯ ಪೊಲೀಸರಿಗೆ ಸಾಮಾನ್ಯವಾಗಿ ಬರುವುದಿಲ್ಲ. ಗಸ್ತಿನವರು ಬಂದು, ತಾವೇ ನೋಡಿ, ತಾವೇ ನಿಲ್ಲಿಸಿದರೆ ಸಾಕ್ಷಿಯೂ ಅವರೇ. ದಂಡದ ಚಲನ್‌ನಲ್ಲಿ ಮುಗಿಯುವ ವಿಷಯಗಳಲ್ಲೂ ಕೋರ್ಟಿನವರೆಗೆ ಹೋಗುವುದು ಕಡಿಮೆ. ಆದರೆ ನಿಮ್ಮ ವಿಡಿಯೊ ಅಥವಾ ಹೇಳಿಕೆಯೇ ಮುಖ್ಯ ಸಾಕ್ಷಿಯಾಗಿ, ಆರೋಪಿ ತಪ್ಪು ಒಪ್ಪದಿದ್ದರೆ, ಕೋರ್ಟಿಗೆ ಬನ್ನಿ ಎನ್ನಬಹುದು. ಆಗ ಹೆಸರು ಗೊತ್ತಾಗುತ್ತದೆ. ತನ್ನ ಮೇಲೆ ಆರೋಪ ಮಾಡಿದವರನ್ನು ಪ್ರಶ್ನಿಸುವ ಹಕ್ಕು ಅವನಿಗೂ ಇದೆ.

ದೂರು ಕೊಡುವ ಮೊದಲೇ ಪೊಲೀಸರ ಹತ್ತಿರ ನೇರವಾಗಿ ಕೇಳಿ: ನನ್ನ ಹೆಸರು ಎಲ್ಲಿ ಬರೆಯುತ್ತೀರಿ, ಯಾರಿಗೆ ಕಾಣುತ್ತದೆ? ಅದೇ ಓಣಿಯವರ ಮೇಲೆ, ನಿಮ್ಮ ಗುರುತಿರುವವರ ಮೇಲೆ ದೂರಾದರೆ ಇದು ಇನ್ನೂ ಮುಖ್ಯ. ಅನಾಮಧೇಯ ದೂರು ಕೊಡಲು ಹಲವು ಕಡೆ ಅವಕಾಶ ಇದೆ. ಅಂಥ ದೂರಿನ ಮೇಲೆ ಶಿಕ್ಷೆ ಕೊಡಿಸುವುದು ಕಷ್ಟ. ಆ ಜಾಗದಲ್ಲಿ ತಪಾಸಣೆ ನಡೆಸಲು ಮಾತ್ರ ಪೊಲೀಸರಿಗೆ ಅದು ಸಾಕಾಗಬಹುದು.

ಓಡಿಸಿದವರ ಮುಖ ನಾನು ನೋಡಿಲ್ಲ. ಅದು ಸಮಸ್ಯೆಯಾ?

ಅಷ್ಟೇನೂ ಅಲ್ಲ. ಆ ಹೊತ್ತಿನಲ್ಲಿ ಓಡಿಸುತ್ತಿದ್ದವರು ಯಾರು ಎಂದು ಹೇಳುವ ಹೊಣೆ ಗಾಡಿಯ ಮಾಲೀಕರದ್ದು. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 133ನೇ ಸೆಕ್ಷನ್, ಬ್ರಿಟನ್ನಿನಲ್ಲಿ 1988ರ ರಸ್ತೆ ಸಂಚಾರ ಕಾಯ್ದೆಯ 172ನೇ ಸೆಕ್ಷನ್ ಇದನ್ನೇ ಹೇಳುತ್ತವೆ. ಮುಖ ಕಂಡಿದ್ದರೆ ಬರೆಯಿರಿ. ಕಾಣದಿದ್ದರೆ ಕಾಣಲಿಲ್ಲ ಎನ್ನಿ.

ಕಂಪನಿ ಲಾರಿ, ಬಸ್ಸು, ಕ್ಯಾಬ್ ಆದರೆ ಯಾರಿಗೆ ಹೇಳಬೇಕು?

ಪೊಲೀಸರಿಗೆ ಹೇಳಿ, ಜೊತೆಗೆ ಕಂಪನಿಗೂ ಹೇಳಿ. ಇಂಥ ಗಾಡಿಗಳಲ್ಲಿ ಎಷ್ಟೋ ಕಡೆ ಜಿಪಿಎಸ್ ಇರುತ್ತದೆ. ಯಾವ ಹೊತ್ತಿಗೆ ಎಲ್ಲಿ ಎಷ್ಟು ವೇಗದಲ್ಲಿತ್ತು ಎಂದು ಮಾಲೀಕರೇ ತೆಗೆದು ನೋಡಬಹುದು. ಬಸ್ಸಾದರೆ ಮಾರ್ಗದ ಸಂಖ್ಯೆ, ಗಾಡಿಯ ಮೇಲೆ ಬರೆದ ಡಿಪೊ ಸಂಖ್ಯೆ, ಹೊತ್ತು ಬರೆದುಕೊಳ್ಳಿ. ನೀವೇ ಕ್ಯಾಬಿನಲ್ಲಿ ಕೂತಿದ್ದರೆ ಆ್ಯಪಿನಲ್ಲಿ ಆ ಪ್ರಯಾಣದ ದಾಖಲೆ ಇರುತ್ತದೆ. ಭಯ ಆದರೆ ಮಧ್ಯದಲ್ಲೇ ಜನ ಇರುವ ಕಡೆ ನಿಲ್ಲಿಸಿ ಎಂದು ಹೇಳಿ ಇಳಿದುಬಿಡಿ. ಶಾಲಾ ವಾಹನ ಆದರೆ ಶಾಲೆಗೆ ಬರವಣಿಗೆಯಲ್ಲೇ ದೂರು ಕೊಡಿ. ಮಕ್ಕಳ ವಿಷಯದಲ್ಲಿ ಎರಡನೇ ಸಲ ನೋಡೋಣ ಎಂದು ಕಾಯಬೇಡಿ.

ಕುಡಿದಿದ್ದಾನೆ ಅನ್ನಿಸುತ್ತದೆ, ಆದರೆ ಖಚಿತ ಇಲ್ಲ.

ಖಚಿತ ಆಗಬೇಕಾಗಿಲ್ಲ. ಉಸಿರು ಪರೀಕ್ಷೆ ಮಾಡುವುದು ಪೊಲೀಸರ ಕೆಲಸ. ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ ಕುಡಿದು ಓಡಿಸುವವರನ್ನು ಗುರುತಿಸಲು ಪೊಲೀಸರಿಗೆ 24 ಸುಳಿವುಗಳ ಪಟ್ಟಿಯನ್ನೇ ಕೊಟ್ಟಿದೆ. ತೂರಾಡುವುದು, ಲೇನಿನ ಗೆರೆಯ ಮೇಲೇ ಓಡಿಸುವುದು, ತೀರಾ ಅಗಲವಾಗಿ ತಿರುಗುವುದು, ಹಸಿರು ದೀಪ ಬಂದರೂ ತಡವಾಗಿ ಹೊರಡುವುದು, ಕತ್ತಲಲ್ಲಿ ದೀಪ ಹಾಕದಿರುವುದು ಅದರಲ್ಲಿ ಕೆಲವು. ತೀರಾ ನಿಧಾನ ಹೋಗುವುದೂ ಒಂದು ಸುಳಿವೇ. ಜೋರಾಗಿ ಹೋಗುವವರನ್ನಷ್ಟೇ ನೋಡುತ್ತಾ ಇದನ್ನು ನಾವು ಗಮನಿಸುವುದಿಲ್ಲ.

ಹಾಗೆ ಓಡಿಸುತ್ತಿರುವವರು ಕುಡಿದೇ ಇಲ್ಲದಿರಬಹುದು. ಸಕ್ಕರೆ ಕಾಯಿಲೆ ಇರುವವರಿಗೆ ರಕ್ತದಲ್ಲಿ ಸಕ್ಕರೆ ತೀರಾ ಇಳಿದಾಗ ಕುಡಿದವರ ಹಾಗೇ ಆಗುತ್ತದೆ. ಮಾತು ತೊದಲುತ್ತದೆ, ಕೈ ಹಿಡಿತ ತಪ್ಪುತ್ತದೆ. ಪಾರ್ಶ್ವವಾಯು ಹೊಡೆದಿರಬಹುದು. ನಿದ್ದೆ ತಡೆಯಲಾಗದೆ ತೂಗುತ್ತಿರಬಹುದು. ನಿಮ್ಮ ಕರೆ ಅವರ ಜೀವವನ್ನೇ ಉಳಿಸಬಹುದು. ಆದ್ದರಿಂದಲೇ 'ಕುಡಿದಿದ್ದಾನೆ' ಎನ್ನುವ ಬದಲು 'ಗಾಡಿ ಹಿಡಿತದಲ್ಲಿಲ್ಲ' ಎನ್ನಿ.

ನಮ್ಮ ಮನೆಯವರೇ ಹೀಗೆ ಓಡಿಸುತ್ತಾರೆ. ಏನು ಮಾಡಲಿ?

ಇದು ಕಷ್ಟದ ಪ್ರಶ್ನೆ, ಕೇಳುವವರು ಬಾಯಿಬಿಡಲಾರದೆ ಕೇಳುವ ಪ್ರಶ್ನೆ. ವಯಸ್ಸಾದ ತಂದೆಗೆ ಕಣ್ಣು ಮಂಜಾಗಿದೆ, ಆದರೂ ಕೀಲಿ ಕೊಡುವುದಿಲ್ಲ. ತಮ್ಮ ಕುಡಿದು ಬಂದರೂ ಬೈಕ್ ಬಿಡುವುದಿಲ್ಲ. ಮೊದಲು ಮನೆಯಲ್ಲಿ ಮಾತಾಡಿ, ಹತ್ತಿರದ ವೈದ್ಯರಿಂದ ಹೇಳಿಸಿ. ವೈದ್ಯರ ಮಾತಿಗೆ ಇರುವ ಬೆಲೆ ಮಕ್ಕಳ ಮಾತಿಗೆ ಇರುವುದಿಲ್ಲ. ಓಡಿಸುವ ಸಾಮರ್ಥ್ಯವನ್ನು ಮತ್ತೆ ಪರೀಕ್ಷಿಸಿ ಎಂದು ಮನೆಯವರೇ ಲೈಸೆನ್ಸ್ ಕೊಡುವ ಇಲಾಖೆಗೆ ಬರೆಯಲು ಅಮೆರಿಕದ ಹಲವು ರಾಜ್ಯಗಳಲ್ಲಿ ಮತ್ತು ಬ್ರಿಟನ್ನಿನಲ್ಲಿ ಅವಕಾಶ ಇದೆ.

ಲೈಸೆನ್ಸ್ ಇಲ್ಲದ ಮಗನಿಗೆ ಗಾಡಿ ಕೊಡುವ ಅಪ್ಪ ಅಮ್ಮನಿಗೆ ಒಂದು ಮಾತು. ಭಾರತದಲ್ಲಿ 18 ತುಂಬದವರು ಇಂಥ ಅಪರಾಧ ಮಾಡಿದರೆ, ಮೋಟಾರು ವಾಹನ ಕಾಯ್ದೆಯ 199ಎ ಸೆಕ್ಷನ್ ಪ್ರಕಾರ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ ಇದೆ. ಗಾಡಿಯ ನೋಂದಣಿಯೂ 12 ತಿಂಗಳು ರದ್ದಾಗುತ್ತದೆ.

ಮತ್ತೆ, ಈ ಕ್ಷಣ ಕುಡಿದು ಕೀಲಿ ತಗೊಂಡು ಹೊರಟೇಬಿಟ್ಟಿದ್ದಾರೆ ಎಂದಾದರೆ ಮನೆಯವರು ಅನ್ನುವ ಲೆಕ್ಕ ಬಿಡಿ, ತುರ್ತು ಕರೆ ಮಾಡಿ. ರಸ್ತೆಯಲ್ಲಿ ಎದುರು ಸಿಗುವವರೂ ಯಾರದೋ ಮನೆಯವರೇ ಅಲ್ವಾ?

ಒಂದೇ ರಸ್ತೆಯಲ್ಲಿ ದಿನಾ ರಾತ್ರಿ ರೇಸ್, ವೀಲಿಂಗ್ ನಡೆಯುತ್ತದೆ. ಒಂದೊಂದಕ್ಕೂ ದೂರು ಕೊಡಬೇಕಾ?

ಒಂದೊಂದು ಗಾಡಿಯ ಮೇಲೆ ದೂರು ಕೊಡುವುದಕ್ಕಿಂತ ಜಾಗದ ಮೇಲೆ ಕೊಡಿ. ಎರಡು ಮೂರು ವಾರ ಸುರಕ್ಷಿತ ಜಾಗದಲ್ಲಿ ಇದ್ದುಕೊಂಡು ದಿನ, ಹೊತ್ತು, ಎಷ್ಟು ಗಾಡಿ, ಎಲ್ಲಿಂದ ಎಲ್ಲಿಗೆ ಎಂದು ಬರೆದಿಡಿ. ಓಣಿಯವರೆಲ್ಲ ಸಹಿ ಹಾಕಿ ಕೊಡಿ. 'ಯಾವಾಗಲೂ ನಡೆಯುತ್ತದೆ' ಎಂದರೆ ಪೊಲೀಸರಿಗೆ ಯಾವಾಗ ಬರಬೇಕು ಎಂದು ಗೊತ್ತಾಗುವುದಿಲ್ಲ. 'ಶನಿವಾರ ರಾತ್ರಿ 11ರಿಂದ 1 ಗಂಟೆ' ಎಂದರೆ ಅವರು ಆ ಹೊತ್ತಿಗೆ ಬಂದು ನಿಲ್ಲಬಹುದು. ರಸ್ತೆಯ ಆಕಾರವೇ ಕಾರಣ ಆಗಿದ್ದರೆ ಹಂಪ್, ಸಿಗ್ನಲ್, ಡಿವೈಡರ್ ಬೇಕು ಎಂದು ರಸ್ತೆ ನೋಡಿಕೊಳ್ಳುವ ಇಲಾಖೆಗೂ ಅದೇ ಪಟ್ಟಿಯ ಪ್ರತಿ ಕೊಡಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಸರಾಸರಿ ವೇಗ ಶೇಕಡಾ 1 ಏರಿದರೆ ಸಾವಿನ ಅಪಘಾತದ ಅಪಾಯ ಶೇಕಡಾ 4 ಏರುತ್ತದೆ. ವೇಗ ಇಳಿಸುವ ಒಂದು ಹಂಪ್ ಕೂಡ ಸಣ್ಣ ಗೆಲುವಲ್ಲ.

ದೂರು ಕೊಟ್ಟೆ, ಏನೂ ಆಗಲಿಲ್ಲ.

ದೂರಿನ ಸಂಖ್ಯೆ ಇದೆಯಾ? ಇದ್ದರೆ ಎರಡು ವಾರ ಬಿಟ್ಟು ಅದನ್ನು ಹೇಳಿ ವಿಚಾರಿಸಿ. ಉತ್ತರ ಇಲ್ಲದಿದ್ದರೆ ಮೇಲಿನ ಅಧಿಕಾರಿಗೆ ಬರವಣಿಗೆಯಲ್ಲಿ ಕೊಡಿ, ಸ್ವೀಕೃತಿ ಪಡೆಯಿರಿ. ಕೆಲವು ಸಲ ಕ್ರಮ ಆಗಿರುತ್ತದೆ, ನಿಮಗೆ ತಿಳಿಸಿರುವುದಿಲ್ಲ ಅಷ್ಟೇ. ಒಂದು ದೂರಿಗೆ ಎಚ್ಚರಿಕೆ ಪತ್ರ ಮಾತ್ರ ಹೋಗಬಹುದು. ಅದೇ ಗಾಡಿಯ ಮೇಲೆ ಇನ್ನೊಬ್ಬರ ದೂರು ಬಂದಾಗ ನಿಮ್ಮ ಹಳೆಯ ದೂರು ಕೆಲಸಕ್ಕೆ ಬರುತ್ತದೆ. ವಿಡಿಯೊದಲ್ಲಿ ನಂಬರ್ ಕಾಣುತ್ತಿಲ್ಲ, ಅಪರಾಧ ಸ್ಪಷ್ಟ ಇಲ್ಲ ಎಂದು ತಿರಸ್ಕರಿಸಿದರೆ ಕಾರಣ ಕೇಳಿ ತಿಳಿದುಕೊಳ್ಳಿ. ಮುಂದಿನ ದೂರು ಗಟ್ಟಿಯಾಗುತ್ತದೆ.

ದೂರು ಕೊಟ್ಟವರಿಗೆ ಬಹುಮಾನ ಇರುತ್ತದಾ?

ಕೆಲವು ಕಡೆ ಇದೆ. ವಿಯೆಟ್ನಾಂನಲ್ಲಿ 2025ರಿಂದ ಸಂಚಾರ ಉಲ್ಲಂಘನೆಯ ಮಾಹಿತಿ ಕೊಟ್ಟವರಿಗೆ ದಂಡದ ಒಂದು ಪಾಲು ಕೊಡುವ ನಿಯಮ ಬಂದಿದೆ. ದಕ್ಷಿಣ ಕೊರಿಯಾ 2001ರಲ್ಲಿ ಇಂಥದ್ದೇ ಬಹುಮಾನ ಶುರು ಮಾಡಿತು. ಜನ ಅದನ್ನೇ ಉದ್ಯೋಗ ಮಾಡಿಕೊಂಡು ಕ್ಯಾಮೆರಾ ಹಿಡಿದು ಕೂತರು. ಕೆಲವೇ ವರ್ಷಗಳಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಬಹುಮಾನಕ್ಕಾಗಿ ದೂರು ಕೊಡುವುದು ನನಗೆ ಸರಿ ಕಾಣುವುದಿಲ್ಲ. ದುಡ್ಡು ಸೇರಿದರೆ ಜನ ಅಪಾಯವನ್ನು ಬಿಟ್ಟು, ಸುಲಭವಾಗಿ ಸಿಗುವ ಸಣ್ಣ ತಪ್ಪುಗಳನ್ನು ಹುಡುಕಲು ಹೋಗುತ್ತಾರೆ.

ನಾನು ಕೊಟ್ಟ ದೂರು ತಪ್ಪು ಎಂದಾದರೆ ನನ್ನ ಮೇಲೆ ಕೇಸ್ ಆಗುತ್ತಾ?

ಪ್ರಾಮಾಣಿಕವಾಗಿ ಕಂಡದ್ದನ್ನು ಹೇಳಿ, ಅದು ಆಮೇಲೆ ಬೇರೆಯೇ ಎಂದು ಗೊತ್ತಾದರೆ ಹೆದರಬೇಕಿಲ್ಲ. ಸುಳ್ಳು ಎಂದು ಗೊತ್ತಿದ್ದೂ, ಯಾರಿಗೋ ತೊಂದರೆ ಕೊಡಲೆಂದೇ ದೂರು ಕೊಟ್ಟರೆ ಅದು ಅಪರಾಧ. ಭಾರತದಲ್ಲಿ ನ್ಯಾಯ ಸಂಹಿತೆಯ 217ನೇ ಸೆಕ್ಷನ್ ಇದಕ್ಕೇ ಇದೆ. ಪಾರ್ಕಿಂಗ್ ಜಗಳ, ಪಕ್ಕದ ಮನೆಯ ಹಳೆಯ ಸಿಟ್ಟು ಇವನ್ನೆಲ್ಲ ಈ ದಾರಿಯಲ್ಲಿ ತೀರಿಸಿಕೊಳ್ಳಬೇಡಿ. ಅಂಥ ಒಂದೊಂದು ದೂರೂ ನಿಜವಾದ ದೂರಿನ ಮೇಲಿನ ನಂಬಿಕೆಯನ್ನು ಕಡಿಮೆ ಮಾಡುತ್ತದೆ.

ನೋಡುತ್ತಿದ್ದ ಹಾಗೇ ಅಪಘಾತ ಆಗಿಬಿಟ್ಟರೆ?

ಆಗ ನಂಬರ್, ವಿಡಿಯೊ ಎಲ್ಲ ಎರಡನೆಯದು. ನಿಮ್ಮ ಗಾಡಿಯನ್ನು ಸುರಕ್ಷಿತವಾಗಿ ನಿಲ್ಲಿಸಿ, ಅಪಾಯದ ದೀಪ ಹಾಕಿ, ಆಂಬುಲೆನ್ಸ್ ಕರೆಯಿರಿ. ಹಿಂದಿನಿಂದ ಬರುವ ಗಾಡಿಗಳಿಗೆ ದೂರದಿಂದಲೇ ಸೂಚನೆ ಕೊಡಲು ಯಾರನ್ನಾದರೂ ನಿಲ್ಲಿಸಿ. ಬೆಂಕಿಯಂಥ ಅಪಾಯ ಇಲ್ಲದಿದ್ದರೆ ಪೆಟ್ಟಾದವರನ್ನು ಎಳೆದಾಡಬೇಡಿ. ರಕ್ತ ಸುರಿಯುತ್ತಿದ್ದರೆ ಶುಭ್ರವಾದ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ.

ಸಹಾಯ ಮಾಡಿದರೆ ಪೊಲೀಸ್, ಕೋರ್ಟು ಎಂದು ಸಿಕ್ಕಿಬೀಳುತ್ತೇವೆ ಎಂಬ ಭಯ ಭಾರತದಲ್ಲಿ ತುಂಬಾ ಜನರನ್ನು ದೂರ ನಿಲ್ಲಿಸಿತ್ತು. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಬಂದ 134ಎ ಸೆಕ್ಷನ್ ಸಹಾಯ ಮಾಡಿದವರಿಗೆ ರಕ್ಷಣೆ ಕೊಡುತ್ತದೆ. ಹೆಸರು ಹೇಳಲೇಬೇಕು ಎಂದು ಅವರನ್ನು ಒತ್ತಾಯಿಸುವಂತಿಲ್ಲ. ಗುದ್ದಿದವನು ಓಡಿಹೋಗಿದ್ದರೆ ಯಾವ ಕಡೆಗೆ ಹೋದ, ಗಾಡಿಯ ಯಾವ ಭಾಗ ಜಜ್ಜಿತ್ತು ಎಂಬುದನ್ನು ಅದೇ ಕರೆಯಲ್ಲಿ ಹೇಳಿ. ರಸ್ತೆಯ ಮೇಲೆ ಬಿದ್ದ ದೀಪದ ಚೂರು, ಬಣ್ಣದ ಸಿಪ್ಪೆ, ಕಳಚಿದ ಬಂಪರ್ ತುಂಡನ್ನು ಮುಟ್ಟಬೇಡಿ, ಇತರರೂ ಮುಟ್ಟದಂತೆ ನೋಡಿಕೊಳ್ಳಿ. ಗಾಡಿಯ ಮಾಡೆಲ್ ಪತ್ತೆ ಹಚ್ಚಲು ಪೊಲೀಸರಿಗೆ ಅವೇ ಬೇಕಾಗುತ್ತವೆ.